ಮನೆಯಲ್ಲಿ ಧಾನ್ಯದಿಂದಲೇ ಬಿಯರ್: ಚೀಲವೋ, ಕೂಲರೋ, ಕರೆಂಟಿನ ಹಂಡೆಯೋ?

ಡಬ್ಬದಲ್ಲಿ ಬರುವ ಮಾಲ್ಟ್ ಪಾಕವನ್ನು ನೀರಿಗೆ ಕಲಸಿ, ಹಾಪ್ಸ್ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂ) ಹಾಕಿ ಕುದಿಸಿ ಬಿಯರ್ ಮಾಡಿ ಕೈ ಪಳಗಿದವರಿಗೆ ಮುಂದಿನ ಆಸೆ ತಾನಾಗಿ ಹುಟ್ಟುತ್ತದೆ: ಪಾಕವನ್ನೂ ತಾವೇ ಬಾರ್ಲಿಯಿಂದ ಇಳಿಸಬೇಕು. ಇದಕ್ಕೆ ಆಲ್-ಗ್ರೇನ್ ಎನ್ನುತ್ತಾರೆ. ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವ ಕನ್ನಡಿಗ ಗೆಳೆಯರು ಈ ಹಂತಕ್ಕೆ ಬಂದು ನಿಂತಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಚೀಲದಲ್ಲಿ ಮಾಡಲೇ, ಪಿಕ್ನಿಕ್ಕಿಗೆ ಒಯ್ಯುವ ನೀರಿನ ಕೂಲರ್ ಕೊಳ್ಳಲೇ, ಇಲ್ಲ ಒಂದೇ ಸಲಕ್ಕೆ ಕರೆಂಟಿನ ಯಂತ್ರಕ್ಕೆ ದುಡ್ಡು ಸುರಿಯಲೇ? ಯಾವುದರಲ್ಲಿ ಬಿಯರ್ ಚೆನ್ನಾಗಿ ಬರುತ್ತದೆ?

ಕೊನೆಯ ಪ್ರಶ್ನೆಗೆ ಉತ್ತರ ಸುಲಭ. ಎಲ್ಲದರಲ್ಲೂ ಬರುತ್ತದೆ. ಮೂರು ಲೋಟ ಮುಂದಿಟ್ಟರೆ ಇದು ಚೀಲದ್ದು, ಇದು ಯಂತ್ರದ್ದು ಎಂದು ಕುಡಿದು ಹೇಳಬಲ್ಲವರನ್ನು ನಾನಂತೂ ಕಂಡಿಲ್ಲ. ಬಿಯರಿನ ರುಚಿ ಬಹುಪಾಲು ತೀರ್ಮಾನವಾಗುವುದು ಆಮೇಲೆ, ಹುದುಗುವ ದಿನಗಳಲ್ಲಿ: ಯೀಸ್ಟ್ ಎಷ್ಟು ಶಾಖದಲ್ಲಿ ಕೆಲಸ ಮಾಡಿತು, ಪಾತ್ರೆಗಳು ಎಷ್ಟು ಶುಚಿಯಾಗಿದ್ದವು ಎಂಬುದರ ಮೇಲೆ. ಆದ್ದರಿಂದ ಉಪಕರಣವನ್ನು ಆರಿಸುವಾಗ ರುಚಿಯ ಲೆಕ್ಕ ಬಿಟ್ಟುಬಿಡಿ. ನಿಮ್ಮ ಮನೆಯಲ್ಲಿ ಎಷ್ಟು ನೀರು ಕುದಿಸಲು ಸಾಧ್ಯ, ನಿಮ್ಮ ಬೆನ್ನು ಎಷ್ಟು ಭಾರ ತಡೆಯುತ್ತದೆ, ಹುದುಗಿನ ಖರ್ಚಿಗೆ ಎಷ್ಟು ದುಡ್ಡು ಉಳಿಯುತ್ತದೆ ಎಂದು ನೋಡಿ ಆರಿಸಿ.

ಕಾನೂನಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನ ಪ್ರಕಾರ ಒಬ್ಬ ವಯಸ್ಕರಿರುವ ಮನೆಯವರು ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನರಿದ್ದರೆ 200 ಗ್ಯಾಲನ್ ಬಿಯರನ್ನು ಸ್ವಂತ ಬಳಕೆಗೆ ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ರಾಜ್ಯಗಳೂ ಒಪ್ಪಬೇಕಿತ್ತು. ಕೊನೆಗೆ ಒಪ್ಪಿದವು ಮಿಸಿಸಿಪ್ಪಿ ಮತ್ತು ಅಲಬಾಮಾ, 2013ರಲ್ಲಿ. ಬ್ರಿಟನ್ನಿನಲ್ಲಿ ಮನೆ ಬಿಯರಿಗೆ ಪರವಾನಗಿ ಬೇಕೆಂಬ ನಿಯಮ 1963ರಲ್ಲೇ ಹೋಯಿತು. ಎರಡೂ ಕಡೆ ಮಾರುವಂತಿಲ್ಲ, ಭಟ್ಟಿ ಇಳಿಸುವಂತಿಲ್ಲ. ಕರ್ನಾಟಕದಲ್ಲಿ 1965ರ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಹೀಗಾಗಿ ಬೆಂಗಳೂರಿನಿಂದ ಓದುತ್ತಿರುವವರು ಇದನ್ನು ತಿಳಿವಳಿಕೆಗಾಗಿ ಓದಿಕೊಳ್ಳಿ. ಇಂದಿರಾನಗರದ ಮೈಕ್ರೋಬ್ರೂವರಿಯಲ್ಲಿ ಕುಳಿತಾಗ ಗಾಜಿನಾಚೆ ಕಾಣುವ ಉಕ್ಕಿನ ಟ್ಯಾಂಕುಗಳೊಳಗೆ ನಡೆಯುವುದೂ ಇದೇ ಕೆಲಸ.

ಕೆಲಸ ಇಷ್ಟು

ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ಅದನ್ನು ತರಿತರಿಯಾಗಿ ಒಡೆದು 65ರಿಂದ 68 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಒಂದು ಗಂಟೆ ಇಟ್ಟರೆ ಒಳಗಿನ ಪಿಷ್ಟ ಸಕ್ಕರೆಯಾಗುತ್ತದೆ. ಮೊಳಕೆ ಕಟ್ಟಿದ ರಾಗಿಹಿಟ್ಟಿನ ಗಂಜಿ ಸಾದಾ ಹಿಟ್ಟಿನ ಗಂಜಿಗಿಂತ ತೆಳ್ಳಗೆ, ಕೊಂಚ ಸಿಹಿಯಾಗಿ ಇರುತ್ತದಲ್ಲ, ಅಲ್ಲಿ ಕೆಲಸ ಮಾಡುವ ಅಮೈಲೇಸ್ ಕಿಣ್ವಗಳೇ ಇಲ್ಲಿಯೂ ಮಾಡುತ್ತವೆ. ಶಾಖ 64ರ ಹತ್ತಿರವಿದ್ದರೆ ಯೀಸ್ಟಿಗೆ ಪೂರ್ತಿ ದಕ್ಕುವ ಸಕ್ಕರೆ ಹೆಚ್ಚಾಗಿ ಬಿಯರ್ ತೆಳುವಾಗಿ, ಸಿಹಿಯಿಲ್ಲದೆ ಬರುತ್ತದೆ. 69ರ ಹತ್ತಿರ ಹೋದರೆ ಯೀಸ್ಟಿಗೆ ದಕ್ಕದ ಸಕ್ಕರೆ ಉಳಿದು ನಾಲಗೆಗೆ ತುಂಬಿದಂತಿರುತ್ತದೆ. ಈ ಹಂತಕ್ಕೆ ಮ್ಯಾಶ್ ಎನ್ನುತ್ತಾರೆ.

ಆಮೇಲೆ ಆ ಸಿಹಿನೀರನ್ನು, ಅಂದರೆ ವರ್ಟನ್ನು, ಸೋಸಿ ತೆಗೆಯಬೇಕು. ಒಂದು ಗಂಟೆ ಹಾಪ್ಸ್ ಜೊತೆ ಕುದಿಸಬೇಕು, ಬೇಗ ತಣಿಸಬೇಕು, ಯೀಸ್ಟ್ ಬೆರೆಸಬೇಕು. ಡಬ್ಬದ ಪಾಕದಿಂದ ಮಾಡಿದವರಿಗೆ ಇದರಲ್ಲಿ ಹೊಸದು ಎರಡೇ: ಶಾಖವನ್ನು ಒಂದು ಗಂಟೆ ಹಿಡಿದಿಡುವುದು, ಮತ್ತು ಸೋಸುವುದು. ಮಾರುಕಟ್ಟೆಯಲ್ಲಿರುವ ಅಷ್ಟೂ ಉಪಕರಣಗಳು ಬೇರೆಬೇರೆಯಾಗಿ ಮಾಡುವುದು ಈ ಎರಡನ್ನೇ.

ಏನನ್ನು ಅಳೆದು ನೋಡಬೇಕು

ಎಲ್ಲಕ್ಕಿಂತ ಮೊದಲು ಬೆಂಕಿ. ಅಮೆರಿಕದ ಪಾಕವಿಧಾನಗಳು ಸಾಮಾನ್ಯವಾಗಿ 5 ಗ್ಯಾಲನ್, ಅಂದರೆ 19 ಲೀಟರ್ ಬಿಯರಿಗೆ ಬರೆದಿರುತ್ತವೆ. ಇದಕ್ಕೆ ಸುಮಾರು 28 ಲೀಟರ್ ನೀರಿನಿಂದ ಶುರು ಮಾಡಬೇಕು, ಏಕೆಂದರೆ ಧಾನ್ಯ ಒಂದಿಷ್ಟು ಕುಡಿಯುತ್ತದೆ, ಕುದಿಯುವಾಗ ಮೂರು ನಾಲ್ಕು ಲೀಟರ್ ಆವಿಯಾಗುತ್ತದೆ, ತಳದ ಗಸಿಯಲ್ಲಿ ಒಂದು ಲೀಟರ್ ಹೋಗುತ್ತದೆ. ಅಮೆರಿಕದ ಅಡುಗೆಮನೆಯ 120 ವೋಲ್ಟ್ ಪ್ಲಗ್ಗಿನಿಂದ 1600 ವ್ಯಾಟ್ ಎಳೆದರೂ, ಒಂದು ಚೂರು ಶಾಖ ಸೋರದಿದ್ದರೂ, ಈ 28 ಲೀಟರ್ 20ರಿಂದ 70 ಡಿಗ್ರಿಗೆ ಏರಲು ಒಂದು ಗಂಟೆ ಹಿಡಿಯುತ್ತದೆ. ಇಂಗ್ಲೆಂಡಿನ 230 ವೋಲ್ಟ್ ಪ್ಲಗ್ಗಿನಲ್ಲಿ 2400 ವ್ಯಾಟಿನ ಹಂಡೆ ಇದೇ ಕೆಲಸವನ್ನು 40 ನಿಮಿಷದಲ್ಲಿ ಮುಗಿಸುತ್ತದೆ. ಒಂದೇ ಯಂತ್ರವನ್ನು ಇಂಗ್ಲೆಂಡಿನವರು ಹೊಗಳುವುದೂ ಅಮೆರಿಕದವರು ಶಪಿಸುವುದೂ ಎಷ್ಟೋ ಸಲ ಈ ಕಾರಣಕ್ಕೇ. ಇನ್ನು ಅಪಾರ್ಟ್‌ಮೆಂಟಿನ ಸಾದಾ ಕರೆಂಟಿನ ಕಾಯಿಲ್ ಒಲೆ 12-13 ಲೀಟರನ್ನು ಹೇಗೋ ಕುದಿಸುತ್ತದೆ. 25 ಲೀಟರ್ ಇಟ್ಟರೆ ಸಣ್ಣಗೆ ಗುಳ್ಳೆಯಾಡುತ್ತಾ ಕೂರುತ್ತದೆಯೇ ಹೊರತು ಉರುಳಿ ಉರುಳಿ ಕುದಿಯುವುದಿಲ್ಲ.

ಎರಡನೆಯದು ಭಾರ. 5 ಕಿಲೋ ಧಾನ್ಯ ನೀರು ಕುಡಿದು ಹೊರಬರುವಾಗ ಒಂಬತ್ತು ಹತ್ತು ಕಿಲೋ ತೂಗುತ್ತದೆ, ಮೇಲಾಗಿ 67 ಡಿಗ್ರಿ ಬಿಸಿ. 20 ಲೀಟರ್ ವರ್ಟ್ ತುಂಬಿದ ಪಾತ್ರೆಯ ತೂಕ 25 ಕಿಲೋ ಮೀರುತ್ತದೆ. ಸೊಂಟನೋವಿನವರು ಉಪಕರಣದ ಚಂದ ನೋಡುವ ಮುಂಚೆ ಅದಕ್ಕೆ ನಲ್ಲಿ ಇದೆಯೇ ಎಂದು ನೋಡಲಿ.

ಮೂರನೆಯದು ಜಾಗ: ಹಿತ್ತಲು ಅಥವಾ ಗ್ಯಾರೇಜ್ ಬಾಗಿಲು ಇದೆಯೇ, ಹೊರಗೆ ಕೊಳಾಯಿ ಇದೆಯೇ, ಮುಗಿದ ಮೇಲೆ ಸಾಮಾನು ಎಲ್ಲಿಡುತ್ತೀರಿ. ಸಮಯದ ಮಟ್ಟಿಗೆ ಇವುಗಳ ನಡುವೆ ಅಂಥ ವ್ಯತ್ಯಾಸವಿಲ್ಲ. ತೊಳೆಯುವುದೂ ಸೇರಿ ಐದಾರು ಗಂಟೆ ಎಂದಿಟ್ಟುಕೊಳ್ಳಿ.

ದುಡ್ಡಿನ ವಿಷಯದಲ್ಲಿ ನನ್ನ ಹಟ ಒಂದಿದೆ. ನಿಮ್ಮ ಕೈಯಲ್ಲಿ ಎಷ್ಟೇ ಇರಲಿ, ಮೂರನೇ ಒಂದು ಭಾಗವನ್ನು ಹುದುಗಿನ ಶಾಖ ಕಾಯ್ದುಕೊಳ್ಳುವುದಕ್ಕೆ ತೆಗೆದಿಟ್ಟು, ಉಳಿದದ್ದರಲ್ಲಿ ಮಾತ್ರ ಪಾತ್ರೆ ಕೊಳ್ಳಿ. ಹಳೆಯ ಫ್ರಿಜ್ ಒಂದು, ಅದಕ್ಕೆ 35-40 ಡಾಲರಿನ ತಾಪಮಾನ ನಿಯಂತ್ರಕ ಒಂದು. ಅಷ್ಟೂ ಇಲ್ಲವಾದರೆ ಅಗಲವಾದ ಪ್ಲಾಸ್ಟಿಕ್ ಟಬ್ಬಿನಲ್ಲಿ ನೀರು ತುಂಬಿ, ಹುದುಗುವ ಬಕೆಟ್ಟನ್ನು ಅದರಲ್ಲಿ ನಿಲ್ಲಿಸಿ, ಬೆಳಿಗ್ಗೆ ಸಂಜೆ ಹಿಮಗಟ್ಟಿದ ನೀರಿನ ಬಾಟಲಿ ಬದಲಾಯಿಸಿದರೂ ನಡೆಯುತ್ತದೆ. ಸಾವಿರ ಡಾಲರಿನ ಯಂತ್ರದಲ್ಲಿ ಇಳಿಸಿದ ವರ್ಟನ್ನು 27 ಡಿಗ್ರಿಯ ಕೋಣೆಯಲ್ಲಿ ಹುದುಗಲು ಬಿಟ್ಟರೆ ಕುಡಿಯಲಾಗದ ಘಾಟು ಬರುತ್ತದೆ. ಹರಕು ಚೀಲದಲ್ಲಿ ಸೋಸಿ 18 ಡಿಗ್ರಿಯಲ್ಲಿ ಹುದುಗಿಸಿದ್ದು ನೆಂಟರಿಗೂ ಕೊಡುವಂತಿರುತ್ತದೆ.

ಮುಂದೆ ಕೊಡುವ ಬೆಲೆಗಳು ಅಮೆರಿಕದ ಅಂದಾಜುಗಳು. ಅಂಗಡಿಯಿಂದ ಅಂಗಡಿಗೆ ಏರುಪೇರಿರುತ್ತದೆ.

ಒಲೆಯ ಮೇಲಿನ ಸಣ್ಣ ಬಿಯರ್

ಇದನ್ನು ಯಾವ ಅಂಗಡಿಯವರೂ ಉತ್ಸಾಹದಿಂದ ಮಾರುವುದಿಲ್ಲ, ಮಾರಲು ಏನೂ ಇಲ್ಲವಲ್ಲ. ಸಂಘದ ಊಟಕ್ಕೆ ಸಾಂಬಾರ್ ಮಾಡಿ ಒಯ್ಯುವ 18-20 ಲೀಟರಿನ ಪಾತ್ರೆ ನಮ್ಮವರ ಮನೆಗಳಲ್ಲಿ ಹೇಗೂ ಇರುತ್ತದೆ. ಪಾತ್ರೆಯ ಬಾಯಿಗೆ ಸಿಕ್ಕಿಸುವಂಥ ತೆಳು ಜಾಲರಿ ಬಟ್ಟೆಯ ಚೀಲ ಕೊಂಡರೆ ಹತ್ತಿಪ್ಪತ್ತು ಡಾಲರ್. ಹೊಲಿಯಲು ಬಂದರೆ ಪರದೆಗೆ ಬಳಸುವ ವಾಯ್ಲ್ ಬಟ್ಟೆ ಸಾಕು. ಒಂದು ಥರ್ಮಾಮೀಟರ್, ಗ್ರಾಂ ತೋರಿಸುವ ಅಡುಗೆ ತಕ್ಕಡಿ. ಇಷ್ಟರಲ್ಲಿ 9-10 ಲೀಟರ್ ಬಿಯರ್ ಆಗುತ್ತದೆ.

ಧಾನ್ಯ ಎರಡೂವರೆ ಕಿಲೋ ಒಳಗೇ ಇರುವುದರಿಂದ ಒದ್ದೆ ಚೀಲವನ್ನು ಒಂದು ಕೈಯಲ್ಲಿ ಎತ್ತಬಹುದು. ಸಣ್ಣ ಪ್ರಮಾಣದ ನೀರು ಬೇಗ ತಣ್ಣಗಾಗುವುದು ಇದರ ತೊಡಕು. ಅದಕ್ಕೆ ಉಪಾಯ ಓವನ್. ಕನಿಷ್ಠ ಶಾಖಕ್ಕೆ, ಸಾಮಾನ್ಯವಾಗಿ 170 ಫ್ಯಾರನ್‌ಹೀಟ್, ಕಾಯಿಸಿ ಆರಿಸಿ, ಪಾತ್ರೆಯನ್ನು ಒಳಗಿಟ್ಟು ಬಾಗಿಲು ಹಾಕಿದರೆ ಒಂದು ಗಂಟೆಯಲ್ಲಿ ಒಂದು ಡಿಗ್ರಿಯೂ ಇಳಿಯದಿರಬಹುದು. ಓವನ್ನಿನ ಎತ್ತರ ಮೊದಲೇ ಅಳೆದುಕೊಳ್ಳಿ. ಕುದಿಸಿದ ಮೇಲೆ ತಣಿಸುವುದಕ್ಕೂ ತಣ್ಣೀರು ಹರಿಸುವ ತಾಮ್ರದ ಸುರುಳಿ ಬೇಡ. ಸಿಂಕಿನಲ್ಲಿ ನೀರು ತುಂಬಿ ಪಾತ್ರೆ ಇಳಿಸಿ, ಎರಡು ಸಲ ನೀರು ಬದಲಿಸಿ, ಮೂರನೆಯ ಸಲ ಐಸ್ ಸುರಿದರೆ ಸಾಕು.

ದೂರು ಒಂದೇ: 19 ಲೀಟರಿಗೆ ಹಿಡಿಯುವಷ್ಟೇ ಹೊತ್ತು ಹಿಡಿಯುತ್ತದೆ, ಸಿಗುವುದು ಅರ್ಧ. ಆದರೆ ಇಬ್ಬರಿರುವ ಮನೆಯಲ್ಲಿ ಐವತ್ತು ಬಾಟಲಿ ಒಂದೇ ರುಚಿಯ ಬಿಯರ್ ಯಾರಿಗೆ ಬೇಕು? ಕಲಿಯುವ ಕಾಲದಲ್ಲಿ ಕಡಿಮೆ ಮಾಡಿ ಹೆಚ್ಚು ಸಲ ಮಾಡುವುದೇ ಲಾಭ. ಹಾಪ್ಸ್ ಬದಲಿಸಿ ನೋಡಬಹುದು, ಶಾಖ ಬದಲಿಸಿ ನೋಡಬಹುದು, ಕೆಟ್ಟರೆ ಚೆಲ್ಲುವುದಕ್ಕೂ ಹೊಟ್ಟೆ ಉರಿಯುವುದಿಲ್ಲ. 4 ಲೀಟರಿನ ಪುಟಾಣಿ ಕಿಟ್‌ಗಳೂ ಸಿಗುತ್ತವೆ. ಅವು ಉಡುಗೊರೆ ಕೊಡಲು ಚೆನ್ನ. ಹತ್ತು ಬಾಟಲಿಗಾಗಿ ಇಡೀ ಶನಿವಾರ ಕಳೆಯುವುದು ನನಗೆ ಒಗ್ಗುವುದಿಲ್ಲ.

ದೊಡ್ಡ ಪಾತ್ರೆ, ದೊಡ್ಡ ಚೀಲ

ಅದೇ ವಿಧಾನವನ್ನು 19 ಲೀಟರಿಗೆ ಹಿಗ್ಗಿಸಿದರೆ ಬ್ರೂ-ಇನ್-ಎ-ಬ್ಯಾಗ್. ಆಸ್ಟ್ರೇಲಿಯಾದ ಮನೆ-ಬಿಯರ್ ಹವ್ಯಾಸಿಗಳು ಈ ಶತಮಾನದ ಮೊದಲ ದಶಕದಲ್ಲಿ ರೂಢಿಗೆ ತಂದದ್ದು. ಎಲ್ಲ ನೀರೂ, ಎಲ್ಲ ಧಾನ್ಯವೂ ಒಂದೇ ಪಾತ್ರೆಯಲ್ಲಿ. ಮತ್ತೆ ಬಿಸಿನೀರು ಸುರಿದು ಧಾನ್ಯದಲ್ಲಿ ಉಳಿದ ಸಕ್ಕರೆಯನ್ನು ತೊಳೆದು ತೆಗೆಯುವ ಗೋಜಿಲ್ಲ. 28 ಲೀಟರ್ ನೀರು, 5 ಕಿಲೋ ಧಾನ್ಯ ಸೇರಿದರೆ 31 ಲೀಟರ್ ದಾಟುತ್ತದೆ. ಕುದಿದು ಉಕ್ಕಿ ಬರುವುದಕ್ಕೂ ಮೇಲೆ ಜಾಗ ಬೇಕು. ಆದ್ದರಿಂದ 38-40 ಲೀಟರಿನ ಪಾತ್ರೆಯೇ ಆಗಬೇಕು. 30 ಲೀಟರಿನದ್ದು ಅಗ್ಗಕ್ಕೆ ಸಿಕ್ಕಿತೆಂದು ತಂದರೆ ಪ್ರತಿ ಸಲವೂ ಸಂಕಟ. ಅಲ್ಯುಮಿನಿಯಂ ಆದರೂ ತೊಂದರೆಯಿಲ್ಲ, ಸ್ಟೀಲಿನ ಅರ್ಧ ಬೆಲೆಗೆ ಬರುತ್ತದೆ. ಪಾತ್ರೆ, ಚೀಲ, ಪ್ರೋಪೇನ್ ಬರ್ನರ್ ಸೇರಿ 170ರಿಂದ 230 ಡಾಲರ್. ಬರ್ನರ್ ಬಯಲಿಗೆ ಮಾತ್ರ. ಗ್ಯಾರೇಜ್ ಬಾಗಿಲು ತೆರೆದಿದೆ ಎಂದು ಒಳಗೆ ಹಚ್ಚಬೇಡಿ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ.

ಈ ವಿಧಾನದ ಹೂರಣವೆಲ್ಲ ಚೀಲ ಎತ್ತುವ ಆ ಐದು ನಿಮಿಷದಲ್ಲಿದೆ. ನಾಲ್ಕು ಮೂಲೆಯ ಹಿಡಿಕೆಗಳನ್ನು ಒಟ್ಟು ಮಾಡಿ ಎಳೆದರೆ ಮೊದಲು ಏನೂ ಅನ್ನಿಸುವುದಿಲ್ಲ, ಧಾನ್ಯ ಇನ್ನೂ ನೀರಿನಲ್ಲೇ ತೇಲುತ್ತಿರುತ್ತದೆ. ಚೀಲದ ತಳ ನೀರಿನ ಮಟ್ಟ ಬಿಟ್ಟ ಕ್ಷಣಕ್ಕೆ ಅಷ್ಟೂ ಭಾರ ತೋಳಿಗೆ ಬರುತ್ತದೆ. ಬಟ್ಟೆಯ ತುಂಬ ಬಿಸಿ ಸಿಹಿನೀರು ಜಿನುಗಿ, ಮೊದಲು ಧಾರೆಯಾಗಿ, ಆಮೇಲೆ ದಾರದಂತೆ, ಆಮೇಲೆ ಹನಿಹನಿಯಾಗಿ ಇಳಿಯುತ್ತದೆ. ಅಷ್ಟು ಹೊತ್ತು ಕೈಯಲ್ಲೇ ಹಿಡಿದು ನಿಲ್ಲಲಾಗದು. ತೊಲೆಗೋ ಏಣಿಗೋ ಒಂದು ರಾಟೆ ಕಟ್ಟಿ ಹಗ್ಗದಿಂದ ಎಳೆದು ನೇತುಹಾಕಿ. ಇಲ್ಲವೇ ಪಾತ್ರೆಯ ಬಾಯಿ ಮೇಲೆ ಓವನ್ನಿನ ಜಾಲರಿ ಅಡ್ಡವಿಟ್ಟು ಚೀಲವನ್ನು ಅದರ ಮೇಲೆ ಕೂರಿಸಿ. ದಪ್ಪ ರಬ್ಬರ್ ಕೈಗವಸು ಹಾಕಿಕೊಂಡು ಹಿಂಡಬಹುದು. ಹಿಂಡಿದರೆ ಬಿಯರ್ ಒಗರಾಗುತ್ತದೆ ಎಂಬ ಮಾತು ನಿಜವಲ್ಲ. ಒಗರು ಬಿಡುವುದು ನೀರಿನ ಕ್ಷಾರ ಹೆಚ್ಚಿ ಶಾಖವೂ ಏರಿದಾಗ.

ಲಾಭಗಳು ಹಲವು. ತೊಳೆಯಲು ಒಂದು ಪಾತ್ರೆ, ಒಂದು ಬಟ್ಟೆ. ಸೋಸುವುದು ಕಟ್ಟಿಕೊಳ್ಳುವ ಭಯವಿಲ್ಲದ್ದರಿಂದ ಧಾನ್ಯವನ್ನು ಇನ್ನಷ್ಟು ಸಣ್ಣಗೆ ಒಡೆಸಬಹುದು, ಅದರಿಂದ ಸಕ್ಕರೆ ಚೆನ್ನಾಗಿ ಇಳಿಯುತ್ತದೆ. ಧಾನ್ಯದಲ್ಲಿರುವ ಸಕ್ಕರೆಯಲ್ಲಿ ಶೇಕಡಾ 70-75 ಕೈಗೆ ಬಂದರೆ ಮೊದಲ ಸಲಕ್ಕೆ ಸಂತೋಷಪಡಿ. ದೊಡ್ಡ ಪ್ರಮಾಣದ ನೀರಾದ್ದರಿಂದ ಮುಚ್ಚಳ ಹಾಕಿ, ಬೆಂಕಿ ಆರಿಸಿ, ಹಳೆಯ ರಗ್ಗು ಸುತ್ತಿದರೆ ಒಂದು ಗಂಟೆಯಲ್ಲಿ ಇಳಿಯುವುದು ಒಂದೆರಡು ಡಿಗ್ರಿ. ಮಧ್ಯದಲ್ಲಿ ಮತ್ತೆ ಬೆಂಕಿ ಹಚ್ಚಬೇಕಾದರೆ ಚೀಲವನ್ನು ತಳದಿಂದ ಮೇಲೆತ್ತಿ, ಇಲ್ಲವಾದರೆ ಬಟ್ಟೆ ಸೀಯುತ್ತದೆ. ಮಿತಿಯೂ ಇದೆ: 8-9 ಶೇಕಡಾ ಆಲ್ಕೋಹಾಲಿನ ಬಿಯರಿಗೆ ಬೇಕಾಗುವ ಏಳೆಂಟು ಕಿಲೋ ಧಾನ್ಯ ಈ ಪಾತ್ರೆಯಲ್ಲಿ ಹಿಡಿಯುವುದು ಕಷ್ಟ, ಎತ್ತುವುದು ಇನ್ನೂ ಕಷ್ಟ.

ಕೂಲರ್

ಪಿಕ್ನಿಕ್ಕಿಗೆ ಒಯ್ಯುವ ದುಂಡನೆಯ 10 ಗ್ಯಾಲನ್ ನೀರಿನ ಕೂಲರ್ ತಂಪನ್ನು ಹಿಡಿದಿಡುವಂತೆ ಬಿಸಿಯನ್ನೂ ಹಿಡಿದಿಡುತ್ತದೆ. ಅದರ ಪ್ಲಾಸ್ಟಿಕ್ ನಲ್ಲಿ ಬಿಚ್ಚಿ ಸ್ಟೀಲ್ ನಲ್ಲಿ ಹಾಕಿ, ತಳಕ್ಕೆ ತೂತಿನ ತಟ್ಟೆಯನ್ನೋ ಉಕ್ಕಿನ ಹೆಣಿಗೆಯ ಕೊಳವೆಯನ್ನೋ ಕೂರಿಸಿದರೆ ಮ್ಯಾಶ್ ಪಾತ್ರೆ ಸಿದ್ಧ. ಖರ್ಚು 110ರಿಂದ 160 ಡಾಲರ್. ಆದರೆ ಇದು ಪಾತ್ರೆ, ಬರ್ನರ್‌ಗಳ ಖರ್ಚಿನ ಜೊತೆಗೆ ಬೀಳುವ ಖರ್ಚು ಎಂಬುದು ನೆನಪಿರಲಿ. ಕುದಿಸುವುದಕ್ಕೆ ಅವು ಹೇಗೂ ಬೇಕು. ಜೊತೆಗೆ ಧಾನ್ಯ ತೊಳೆಯುವ ನೀರು ಕಾಯಿಸಲು ಇನ್ನೊಂದು ಪಾತ್ರೆಯೂ ಬೇಕು.

ಇಲ್ಲಿ ಧಾನ್ಯ ಎತ್ತುವ ಪ್ರಶ್ನೆಯೇ ಇಲ್ಲ. ಕಿಲೋಗೆ 3 ಲೀಟರ್ ಲೆಕ್ಕದಲ್ಲಿ 73-74 ಡಿಗ್ರಿಯ ನೀರು ಹಾಕಿ ಕಲಸಿದರೆ ಧಾನ್ಯ ಅದನ್ನು 67ಕ್ಕೆ ಇಳಿಸುತ್ತದೆ. ಮುಚ್ಚಿ ಬಿಡಿ, ಗಂಟೆಯಾದ ಮೇಲೆ ಒಂದು ಡಿಗ್ರಿ ಕಡಿಮೆಯಾಗಿದ್ದರೆ ಹೆಚ್ಚು. ನಲ್ಲಿಯನ್ನು ಕಾಲುಭಾಗ ತಿರುಗಿಸಿದರೆ ಮೊದಲು ಬರುವುದು ಬಗ್ಗಡ: ಹಿಟ್ಟು, ಹೊಟ್ಟಿನ ಚೂರು ಎಲ್ಲ ಸೇರಿದ ಕೆಸರಿನ ಬಣ್ಣದ ನೀರು. ಅದನ್ನು ಚೊಂಬಿಗೆ ಹಿಡಿದು ನಿಧಾನವಾಗಿ ಮತ್ತೆ ಮೇಲಕ್ಕೆ ಸುರಿಯಬೇಕು. ಮೂರು ನಾಲ್ಕು ಚೊಂಬಾಗುವಷ್ಟರಲ್ಲಿ ಬಾರ್ಲಿಯ ಹೊಟ್ಟೇ ಹಾಸಿ ಹಾಸಿ ಜರಡಿಯಾಗಿ, ಜೇನಿನ ಬಣ್ಣದ ತಿಳಿನೀರು ಇಳಿಯತೊಡಗುತ್ತದೆ. ಅದನ್ನೆಲ್ಲ ಬಸಿದು, 75-76 ಡಿಗ್ರಿಯ ನೀರು ಮತ್ತೊಮ್ಮೆ ಹಾಕಿ ಕಲಸಿ, ಪುನಃ ಬಸಿದರೆ ಮುಗಿಯಿತು. ಮೇಲಿನಿಂದ ಸಣ್ಣ ಧಾರೆಯಲ್ಲಿ ಒಂದು ಗಂಟೆ ನೀರು ಬಿಡುತ್ತಾ ತೊಳೆಯುವ ವಿಧಾನವೂ ಇದೆ. ಮೊದಲ ಸಲಕ್ಕೆ ಅದರ ಸಹವಾಸ ಬೇಡ.

ಗೋಧಿ, ರೈ ಹೆಚ್ಚಿರುವ ಬಿಯರಿನಲ್ಲಿ ಕೂಲರ್ ಕಾಡಿಸುತ್ತದೆ. ಗೋಧಿಗೆ ಹೊಟ್ಟಿಲ್ಲ, ಜರಡಿ ಕಟ್ಟುವುದಿಲ್ಲ, ಎಲ್ಲ ಅಂಟಾಗಿ ನಲ್ಲಿ ನಿಂತುಹೋಗುತ್ತದೆ. ಭತ್ತದ ಹೊಟ್ಟನ್ನು ಎರಡು ಹಿಡಿ ಬೆರೆಸುವುದು ಇದಕ್ಕೆ ಮದ್ದು, ಬಿಯರ್ ಸಾಮಾನಿನ ಅಂಗಡಿಗಳಲ್ಲೇ ಸಿಗುತ್ತದೆ. ಹೆಚ್ಚು ಧಾನ್ಯದ ಗಟ್ಟಿ ಬಿಯರ್ ಮಾಡಬೇಕೆನ್ನುವವರಿಗೆ, ಭಾರ ಎತ್ತಲಾಗದವರಿಗೆ ಕೂಲರ್ ಸರಿ. ಇದರಲ್ಲಿ ನನಗೆ ಇಷ್ಟವಾದದ್ದು ಒಂದು ಮಿಶ್ರ ದಾರಿ: ತೂತಿನ ತಟ್ಟೆಯ ಬದಲು ಕೂಲರಿನೊಳಗೆ ಚೀಲವನ್ನೇ ಹಾಸಿಬಿಡುವುದು. ಶಾಖ ಇಳಿಯುವುದಿಲ್ಲ, ನಲ್ಲಿ ಕಟ್ಟುವುದಿಲ್ಲ, ಬಸಿದು ತಣ್ಣಗಾದ ಮೇಲೆ ಚರಟವನ್ನು ಚೀಲದ ಸಮೇತ ಎತ್ತಿಕೊಂಡು ಹೋಗಿ ಗೊಬ್ಬರದ ಗುಂಡಿಗೆ ಸುರಿದರಾಯಿತು. ಗ್ಯಾರೇಜಿನಲ್ಲಿ ಕೂಲರ್ ಈಗಾಗಲೇ ಬಿದ್ದಿದ್ದರೆ ಬೇರೇನೂ ಯೋಚಿಸಬೇಡಿ.

ಕರೆಂಟಿನ ಹಂಡೆ

ತಳದಲ್ಲಿ ಕಾಯಿಸುವ ಕಾಯಿಲ್, ಒಳಗೆ ತೂತಿನ ಬುಟ್ಟಿ, ವರ್ಟನ್ನು ಕೆಳಗಿನಿಂದ ಮೇಲಕ್ಕೆ ತಿರುಗಿಸುವ ಪಂಪ್, ಮೇಲೊಂದು ಶಾಖದ ಗುಂಡಿ. ಜರ್ಮನಿಯ ಸ್ಪೈಡೆಲ್ ಕಂಪನಿಯ ಬ್ರೌಮೈಸ್ಟರ್, ನ್ಯೂಜಿಲೆಂಡಿನ ಗ್ರೇನ್‌ಫಾದರ್, ಆಸ್ಟ್ರೇಲಿಯಾದ ಬ್ರೂಜಿಲ್ಲಾ, ಅಮೆರಿಕದ ಆನ್ವಿಲ್ ಫೌಂಡ್ರಿ ಇವೆಲ್ಲ ಈ ಜಾತಿಯವು. ಸಾಮಾನ್ಯ ಮಾದರಿಗಳು 300ರಿಂದ 600 ಡಾಲರ್. ಗ್ರೇನ್‌ಫಾದರ್ ಅದಕ್ಕಿಂತ ಮೇಲೆ, ಬ್ರೌಮೈಸ್ಟರ್ ಇನ್ನೂ ಮೇಲೆ.

ಇದರ ಸುಖ ದೊಡ್ಡದು, ಸುಳ್ಳು ಹೇಳಬಾರದು. ಬೇಕಾದ ಡಿಗ್ರಿ ಒತ್ತಿದರೆ ಅಲ್ಲೇ ನಿಲ್ಲುತ್ತದೆ. ಗಾಳಿ, ಮಳೆ, ಚಳಿಗೆ ಹೆದರಿ ಬಿಯರ್ ದಿನವನ್ನು ಮುಂದೂಡಬೇಕಿಲ್ಲ. ಕೆಲವು ಮಾದರಿಗಳಲ್ಲಿ ರಾತ್ರಿ ನೀರು ತುಂಬಿ ಸಮಯ ಹೊಂದಿಸಿ ಮಲಗಿದರೆ ಬೆಳಿಗ್ಗೆ ಕಾಫಿ ಹೊತ್ತಿಗೆ ನೀರು ಕಾದಿರುತ್ತದೆ. ಮಿನ್ನೆಸೋಟದಂಥ ಕಡೆ ಇರುವವರಿಗೆ ಜನವರಿಯಲ್ಲಿ ಬಿಯರ್ ಮಾಡಬೇಕೆಂದರೆ ಇದೊಂದೇ ಹಿತವಾದ ದಾರಿ.

ತಕರಾರುಗಳೂ ಇವೆ. ಅಮೆರಿಕದ ಸಾದಾ ಪ್ಲಗ್ಗಿನಲ್ಲಿ ಮ್ಯಾಶ್ ಶಾಖದಿಂದ ಕುದಿಗೆ ಏರಲು ಮುಕ್ಕಾಲು ಗಂಟೆ ಬೇಕು, ಆಮೇಲಿನ ಕುದಿಯೂ ಸೌಮ್ಯವೇ. ಆನ್ವಿಲ್ ಫೌಂಡ್ರಿಯಂಥವನ್ನು 240 ವೋಲ್ಟಿಗೂ ಬದಲಾಯಿಸಬಹುದು. ಮನೆಯಲ್ಲಿ ಅಂಥ ಪ್ಲಗ್ ಇದ್ದರೆ ಈ ದೂರು ಹೋಗುತ್ತದೆ. ಬುಟ್ಟಿಯ ಭಾರ ಚೀಲದ ಭಾರಕ್ಕಿಂತ ಕಡಿಮೆಯೇನಲ್ಲ, ಆದರೆ ಎತ್ತಿ ಅಂಚಿನ ಕೊಕ್ಕೆಗೆ ಕೂರಿಸಿ ಕೈಬಿಡಬಹುದು. ತುಂಬ ಸಣ್ಣಗೆ ಒಡೆದ ಧಾನ್ಯ ಹಾಕಿದರೆ ವರ್ಟ್ ಕೆಳಗಿಳಿಯದೆ ಬುಟ್ಟಿ ಉಕ್ಕುತ್ತದೆ. ಒಳಗೆ ಕುದಿಸಿದರೆ ಎರಡು ಮೂರು ಲೀಟರ್ ನೀರು ಆವಿಯಾಗಿ ನಿಮ್ಮ ಅಡುಗೆಮನೆಯ ಗೋಡೆ ಹಿಡಿಯುತ್ತದೆ. ಹೊರಗೆ ಗಾಳಿ ದೂಡುವ ಫ್ಯಾನ್ ಇಲ್ಲದ ಮನೆಯಲ್ಲಿ ಕಿಟಕಿ ತೆರೆದಿಡಲೇಬೇಕು. ಪಂಪ್, ಕೊಳವೆಗಳನ್ನು ಅದೇ ದಿನ ತೊಳೆಯದಿದ್ದರೆ ಮರುದಿನ ಅಂಟಿಕೊಂಡಿರುತ್ತವೆ. ಸಮಾಧಾನದ ಸಂಗತಿಯೆಂದರೆ ಹವ್ಯಾಸ ಬಿಟ್ಟರೂ ಮಾರಬಹುದು. ಬಿಟ್ಟವರು ಮಾರಿದ್ದನ್ನು ನೀವು ಕೊಳ್ಳಲೂಬಹುದು, ನನ್ನ ಮೊದಲ ಸಲಹೆ ಅದೇ.

ಮೂರು ಹಂಡೆಗಳ ಸಾಲು, ಚೌಕಟ್ಟು, ಎರಡೆರಡು ಪಂಪುಗಳ ವ್ಯವಸ್ಥೆಯ ಬಗ್ಗೆ ಕೇಳುವವರೂ ಇದ್ದಾರೆ. ನೋಡಲು ಸೊಗಸು. ಮೊದಲ ಸಲ ಮಾಡುವವರಿಗೆ ಅದು ಬೇಡ.

ಯಾರಿಗೆ ಯಾವುದು

ಬಾಡಿಗೆಯ ಅಪಾರ್ಟ್‌ಮೆಂಟ್, ಬಾಲ್ಕನಿಯಲ್ಲಿ ಗ್ಯಾಸ್ ಹಚ್ಚಲು ಅನುಮತಿಯಿಲ್ಲ, ಎರಡು ವರ್ಷದಲ್ಲಿ ಊರು ಬದಲಾಗಬಹುದು: ಒಲೆಯ ಮೇಲಿನ 10 ಲೀಟರ್. ವಿದ್ಯಾರ್ಥಿಗಳಿಗೂ ಇದೇ, ಅಮೆರಿಕದಲ್ಲಾದರೆ 21 ತುಂಬಿರಬೇಕು ಅಷ್ಟೆ.

ಹಿತ್ತಲಿರುವ ಸ್ವಂತ ಮನೆ, ಮುನ್ನೂರು ಡಾಲರ್ ಒಳಗಿನ ಬಜೆಟ್, ಬೆನ್ನು ಗಟ್ಟಿ: ದೊಡ್ಡ ಪಾತ್ರೆ ಮತ್ತು ಚೀಲ. ಹಿತ್ತಲಿದೆ, ಆದರೆ ಬೆನ್ನು ನೆಚ್ಚುವಂತಿಲ್ಲ, ಅಥವಾ ಬೆಲ್ಜಿಯಂ ಮಾದರಿಯ ಗಟ್ಟಿ ಬಿಯರ್‌ಗಳ ಮೇಲೆ ಕಣ್ಣು: ಕೂಲರ್, ಒಳಗೆ ಚೀಲ.

ಇಂಗ್ಲೆಂಡ್, ಯೂರೋಪು, ಆಸ್ಟ್ರೇಲಿಯಾಗಳಲ್ಲಿ ಇದ್ದು ಕೈಯಲ್ಲಿ ದುಡ್ಡೂ ಇದ್ದರೆ ಕರೆಂಟಿನ ಹಂಡೆ. ಅಲ್ಲಿನ ವೋಲ್ಟೇಜಿಗೆ ಅದು ಹೇಳಿ ಮಾಡಿಸಿದಂತಿದೆ. ಅಮೆರಿಕದಲ್ಲಿದ್ದರೆ 240 ವೋಲ್ಟ್ ಪ್ಲಗ್ ಎಲ್ಲಿದೆ ಎಂದು ನೋಡಿದ ಮೇಲೆ ಮಾತು. ಪ್ಲಗ್ಗೂ ಇಲ್ಲ, ಹಿತ್ತಲೂ ಇಲ್ಲ, ದುಡ್ಡು ಮಾತ್ರ ಇದೆ ಎನ್ನುವವರು 10 ಲೀಟರಿಗೆ ಸಾಕಾಗುವ ಸಣ್ಣ ಮಾದರಿ ಕೊಂಡು, ಉಳಿದದ್ದನ್ನು ಹುದುಗಿನ ಫ್ರಿಜ್ಜಿಗೆ ಹಾಕಲಿ.

ಯಾವುದನ್ನು ಆರಿಸಿದರೂ ತಪ್ಪದ ಖರ್ಚು ಕೆಲವಿವೆ. ಮುಚ್ಚಳ, ಏರ್‌ಲಾಕ್ (ಗ್ಯಾಸ್ ಹೊರಬಿಟ್ಟು ಗಾಳಿ ಒಳಬಿಡದ ಕೊಳವೆ) ಇರುವ ಹುದುಗುವ ಬಕೆಟ್, ವರ್ಟಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್, ತೊಳೆಯದೆ ಬಿಡಬಹುದಾದ ಸ್ಟಾರ್ ಸ್ಯಾನ್‌ನಂಥ ಸೋಂಕುನಿವಾರಕ, ಬಾಟಲಿ ಮುಚ್ಚುವ ಕೈಯಂತ್ರ ಸೇರಿ 70-80 ಡಾಲರ್. 19 ಲೀಟರಿನವರಿಗೆ ತಣಿಸುವ ತಾಮ್ರದ ಸುರುಳಿಗೆ ಇನ್ನೊಂದು 50-60, ಕರೆಂಟಿನ ಹಂಡೆಗಳ ಜೊತೆ ಅದು ಹೆಚ್ಚಾಗಿ ಬಂದಿರುತ್ತದೆ. ಧಾನ್ಯ ಒಡೆಯುವ ಗಿರಣಿ ಕೊಳ್ಳಬೇಡಿ, ಧಾನ್ಯ ಮಾರುವ ಅಂಗಡಿಯವರೇ ಒಡೆದು ಕೊಡುತ್ತಾರೆ. ಮನೆಯ ಮಿಕ್ಸಿಯಲ್ಲಿ ಬೀಸಲು ಹೋಗಬೇಡಿ, ಹೊಟ್ಟೂ ಪುಡಿಯಾಗುತ್ತದೆ. ಕೊಳಾಯಿ ನೀರಿನ ಕ್ಲೋರಿನ್ ಬಿಯರಿಗೆ ಔಷಧಿಯ ವಾಸನೆ ತರುತ್ತದೆ. 28 ಲೀಟರಿಗೆ ಅರ್ಧ ಕ್ಯಾಂಪ್ಡೆನ್ ಮಾತ್ರೆ (ಕ್ಲೋರಿನ್ ತೆಗೆಯುವ ಸಲ್ಫೈಟ್ ಮಾತ್ರೆ) ಪುಡಿ ಮಾಡಿ ಹಾಕಿದರೆ ಆ ಕಾಟವಿಲ್ಲ.

ಮೊದಲ ಸಲಕ್ಕೆ ಒಂದು ಲೆಕ್ಕ

ಒಲೆಯ ಮೇಲಿನ 10 ಲೀಟರಿಗೆ, ಶೇಕಡಾ 5ರ ಆಸುಪಾಸಿನ ಪೇಲ್ ಏಲ್ ಇದು. ದೊಡ್ಡ ಪಾತ್ರೆಯವರು ಎಲ್ಲವನ್ನೂ ದುಪ್ಪಟ್ಟು ಮಾಡಿಕೊಳ್ಳಿ. ಪೇಲ್ ಮಾಲ್ಟ್ 2.2 ಕಿಲೋ, ಕ್ರಿಸ್ಟಲ್ 40 ಮಾಲ್ಟ್ 200 ಗ್ರಾಂ, ಎರಡನ್ನೂ ಒಡೆಸಿ ತನ್ನಿ. 15 ಲೀಟರ್ ನೀರನ್ನು 70 ಡಿಗ್ರಿಗೆ ಕಾಯಿಸಿ, ಚೀಲ ಹಾಸಿ, ಧಾನ್ಯವನ್ನು ಗಂಟಾಗದಂತೆ ಕಲಸುತ್ತಾ ಸುರಿದರೆ 67ಕ್ಕೆ ನಿಲ್ಲುತ್ತದೆ. ಒಂದು ಗಂಟೆ ಬಿಟ್ಟು ಚೀಲ ಎತ್ತಿ ಹಿಂಡಿ. ಕುದಿ ಬರುವ ಹೊತ್ತಿಗೆ ಪಾತ್ರೆಯ ಮುಂದಿನಿಂದ ಕದಲಬೇಡಿ, ಹಾಲಿಗಿಂತ ಮೋಸದಿಂದ ಉಕ್ಕುತ್ತದೆ. ಕುದಿ ಬಂದ ಕೂಡಲೇ ಕ್ಯಾಸ್ಕೇಡ್ ಹಾಪ್ಸ್ 15 ಗ್ರಾಂ, ಕೊನೆಯ 10 ನಿಮಿಷವಿರುವಾಗ ಇನ್ನೊಂದು 15. ಒಂದು ಗಂಟೆ ಮುಚ್ಚಳವಿಲ್ಲದೆ ಕುದಿಸಿ, 20 ಡಿಗ್ರಿಗೆ ತಣಿಸಿ, ಬಕೆಟ್ಟಿಗೆ ಹೊಯ್ದು, ಯುಎಸ್-05 ಒಣ ಯೀಸ್ಟನ್ನು ಅರ್ಧ ಪೊಟ್ಟಣ ಉದುರಿಸಿ. ಹೈಡ್ರೋಮೀಟರ್ 1.050ರ ಹತ್ತಿರ ತೋರಿಸಬೇಕು.

18ರಿಂದ 20 ಡಿಗ್ರಿಯಲ್ಲಿ ಎರಡು ವಾರ. 1.012ರ ಸುತ್ತಮುತ್ತ ಇಳಿದು, ಮೂರು ದಿನ ಬಿಟ್ಟು ನೋಡಿದರೂ ಅಲ್ಲೇ ನಿಂತಿದ್ದರೆ ಮಾತ್ರ ಬಾಟಲಿಗೆ ತುಂಬಿ. ಇನ್ನೂ ಇಳಿಯುತ್ತಿರುವುದನ್ನು ತುಂಬಿದರೆ ಬಾಟಲಿ ಸಿಡಿಯುತ್ತದೆ. ತುಂಬುವ ಮುಂಚೆ 65 ಗ್ರಾಂ ಸಕ್ಕರೆಯನ್ನು ಸ್ವಲ್ಪ ನೀರಿನಲ್ಲಿ ಕುದಿಸಿ ಬೆರೆಸಬೇಕು, ಗ್ಯಾಸ್ ಹಿಡಿಯುವುದು ಅದರಿಂದ. ಗಾಜಿನ ಬಾಟಲಿಗಳ ಜೊತೆಗೆ ಒಂದನ್ನು ಮಾತ್ರ ಸೋಡಾದ ಪ್ಲಾಸ್ಟಿಕ್ ಬಾಟಲಿಯಲ್ಲಿ ತುಂಬಿಡಿ. ಮೊದಲು ಬೆರಳಿಗೆ ಮೆತ್ತಗಿರುತ್ತದೆ. ಕೋಣೆಯ ಶಾಖದಲ್ಲಿ ಎರಡು ವಾರ ಇಟ್ಟ ಮೇಲೆ ಅದನ್ನು ಒತ್ತಿ ನೋಡಿ. ಅಂಗಡಿಯಿಂದ ತಂದ ಸೋಡಾದಷ್ಟು ಗಟ್ಟಿಯಾಗಿದ್ದರೆ ಗಾಜಿನವನ್ನೂ ಫ್ರಿಜ್ಜಿಗೆ ಸೇರಿಸಬಹುದು.